ರಿವಾಯತ: ಹೆಸರಿನ ಬೆನ್ನು ಹತ್ತಿ ಹಾಡಿನ ಕಡೆಗೆ

ಕುಂಚಾವರಂ ಸೀಮೆಗೆ ಹೊಸದಾಗಿ ಬಂದವರಿಗಾಗಿ ಈ ಬರಹ. ನೌಕರಿ ಹತ್ತಿ ಬಂದಿರಬಹುದು, ಕಾಡು ನೋಡಲು ಬಂದಿರಬಹುದು, ಸೊಸೆಯಾಗಿಯೋ ಅಳಿಯನಾಗಿಯೋ ಬಂದಿರಬಹುದು. ಮೊಹರಂ ದಿನಗಳಲ್ಲಿ ಚಿಂಚೋಳಿ, ಸೇಡಂ, ಚಿತ್ತಾಪುರದ ಹಳ್ಳಿಗಳಲ್ಲಿ ರಾತ್ರಿ ಉಳಿದರೆ ಮೊದಲು ಹಲಗಿಯ ಸಪ್ಪಳ ಕೇಳುತ್ತದೆ, ಅದರ ಬೆನ್ನಿಗೆ ಹಾಡು. ಗಂಡಸರು ಸುತ್ತುಗಟ್ಟಿ ಹೆಜ್ಜೆ ಹಾಕುತ್ತಿರುತ್ತಾರೆ. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ತಿರುಗಿ ಹಾಡುತ್ತಾರೆ. ಇದೇನು ಹಾಡು ಎಂದು ಪಕ್ಕದಲ್ಲಿ ನಿಂತವರನ್ನು ಕೇಳಿ ನೋಡಿ. "ಅಲಾಯಿ ಪದಾರಿ" ಎಂದು ಒಬ್ಬರು, "ಮೊಹರಂ ಪದ" ಎಂದು ಇನ್ನೊಬ್ಬರು ಹೇಳುತ್ತಾರೆ. ತಾಂಡೂರು ಕಡೆಯವರಾದರೆ ಪೀರ್ಲ ಪಾಟ ಅಂದಾರು. ಹಾಡಿ ಪಳಗಿದ ಹಿರಿಯರ ಬಾಯಲ್ಲಿ ಬರುವುದು ಇನ್ನೊಂದು ಹೆಸರು: ರಿವಾಯತ.

ನಾಲ್ಕು ಹೆಸರು ಕೇಳಿ ಗಲಿಬಿಲಿಯಾಗುವುದು ಬೇಡ. ಮೊದಲ ಮೂರೂ ಹಬ್ಬದ ಹೆಸರುಗಳು, ಹಬ್ಬದಲ್ಲಿ ಹಾಡುವುದರಿಂದ ಹಾಡಿಗೂ ಅಂಟಿಕೊಂಡವು. ನಾಲ್ಕನೆಯದು ಮಾತ್ರ ಹಾಡಿನ ಸ್ವಂತ ಹೆಸರು. ಅರಬ್ಬಿಯಿಂದ ಹೊರಟು ಪಾರಸಿ, ದಖ್ಖನಿ ದಾಟಿ ಕನ್ನಡದ ಹೊಲಗೇರಿಗೂ ಗೌಡರ ಓಣಿಗೂ ಬಂದು ಕೂತ ಹೆಸರು. ಅದು ಹೇಗೆ ಬಂತೆಂದು ತಿಳಿದರೆ ಈ ಹಾಡನ್ನು ಹೇಗೆ ಕೇಳಬೇಕೆಂಬುದೂ ತಿಳಿಯುತ್ತದೆ.

ಮೊದಲು ಊರಿನ ಮಾತು. ಕುಂಚಾವರಂ ಚಿಂಚೋಳಿ ತಾಲೂಕಿನ ಅಂಚಿನಲ್ಲಿದೆ, ಆಚೆ ತೆಲಂಗಾಣ. 1948ರ ಸೆಪ್ಟೆಂಬರ್‌ವರೆಗೆ ಈ ಎರಡೂ ಕಡೆ ನಿಜಾಮರ ಹೈದರಾಬಾದ್ ಸಂಸ್ಥಾನವೇ ಆಗಿತ್ತು. 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಗುಲಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು, ಕೊಡಂಗಲ್ ತಾಲೂಕುಗಳು ಆಂಧ್ರಕ್ಕೆ ಹೋದವು, ಚಿಂಚೋಳಿ, ಸೇಡಂ ಮೈಸೂರು ರಾಜ್ಯಕ್ಕೆ ಬಂದವು. ಗೆರೆ ಎಳೆದದ್ದು ನಕಾಶೆಯಲ್ಲಿ. ಇಂದಿಗೂ ಈ ಕಡೆ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ದಖ್ಖನಿ ಉರ್ದು, ತಾಂಡಾಗಳಲ್ಲಿ ಗೋರ್ ಬೋಲಿ. ಇಂಥಲ್ಲಿ ಹಾಡಿನ ಹೆಸರು ಯಾವ ಭಾಷೆಯದು ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಗುವುದು ಅಪರೂಪ.

ಹಾಡಿಗೆ ಹೆಸರು ಹೇಗೆ ಬೀಳುತ್ತದೆ ಎಂಬುದಕ್ಕೆ ಸುಲಭದ ಉದಾಹರಣೆಗಳಿಂದ ಶುರು ಮಾಡೋಣ. ಗೀಗೀ ಪದ ಎಲ್ಲರಿಗೂ ಗೊತ್ತು. ಹಿಮ್ಮೇಳದವರು ಸಾಲುಸಾಲಿಗೂ "ಗೀಗೀ" ಎಂದು ಸೊಲ್ಲು ಎತ್ತುತ್ತಾರೆ, ಆ ಸೊಲ್ಲೇ ಹೆಸರಾಯಿತು. ಅದರಲ್ಲಿ ಅರ್ಥ ಹುಡುಕಿ ಪ್ರಯೋಜನವಿಲ್ಲ. ಮರಾಠಿ ಪೋವಾಡದ "ಜೀ ಜೀ"ಗೆ ಅದು ನೆಂಟ ಎನ್ನುವವರೂ ಇದ್ದಾರೆ, ಇರಬಹುದು. ಬೀಸುವಾಗ ಹಾಡಿದ್ದು ಬೀಸುವ ಪದ, ಮದುವೆಯಲ್ಲಿ ಶೋಭನ ಹೇಳಿ ಹಾಡಿದ್ದು ಸೋಬಾನೆ. ಗಡಿಯಾಚೆಯ ಬುರ್ರಕಥೆಗೆ ಸೋರೆಬುರುಡೆಯ ವಾದ್ಯದಿಂದ, ಒಗ್ಗುಕಥೆಗೆ ಶಿವನ ಡಮರುವಿನಿಂದ ಹೆಸರು. ತಾಂಡಾದ ಹೆಣ್ಣುಮಗಳು ತವರು ಬಿಡುವಾಗ ಅಳುತ್ತ ಹಾಡುವುದು ಢಾವಲೋ, ಹೋಳಿಗೆ ಹಾಡುವುದು ಲೆಂಗಿ. ಕೆಲಸ, ಸಂದರ್ಭ, ವಾದ್ಯ, ಸೊಲ್ಲು: ಹಾಡಿನ ಹೆಸರುಗಳಲ್ಲಿ ಬಹುಪಾಲು ಇಲ್ಲಿಂದಲೇ ಬಂದವು. ಇದು ಹೊಸ ರೂಢಿಯೂ ಅಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ, ಮಹಾರಾಷ್ಟ್ರದ ಹೆಂಗಸರು ಕಾಳು ಕುಟ್ಟುವಾಗ ಹಾಡುವುದು ಓವಿ ಎಂದು ದಾಖಲಾಗಿದೆ. ದೊರೆಯೊಬ್ಬ ಒನಕೆಯ ಹಾಡಿನ ಹೆಸರು ಬರೆದಿಟ್ಟದ್ದನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಹೆಸರುಗಳು ಸಾಯುವುದೂ ಉಂಟು. ಸೇಡಂ ತಾಲೂಕಿನ ಮಳಖೇಡ ನಿಮಗೆ ಗೊತ್ತಿರಬೇಕು, ಕಾಗಿಣಾ ದಂಡೆಯ ಊರು. ರಾಷ್ಟ್ರಕೂಟರ ಮಾನ್ಯಖೇಟ ಅದೇ. ನೃಪತುಂಗ ಅಮೋಘವರ್ಷನ ಆಸ್ಥಾನದಲ್ಲಿ, ಸುಮಾರು 850ರ ಹೊತ್ತಿಗೆ, ಹುಟ್ಟಿದ 'ಕವಿರಾಜಮಾರ್ಗ' ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ. ಅದರಲ್ಲಿ ಚತ್ತಾಣ, ಬೆದಂಡೆ ಎಂಬ ಎರಡು ಕನ್ನಡ ಕಾವ್ಯಪ್ರಕಾರಗಳ ಹೆಸರು ಬರುತ್ತದೆ. ಕಂದ, ವೃತ್ತಗಳ ಜೊತೆಗೆ ಅಕ್ಕರ, ಚೌಪದಿ, ಗೀತಿಕೆ, ತಿವದಿಯಂಥ ದೇಸಿ ಬಂಧಗಳು ಬೆರೆತದ್ದು ಚತ್ತಾಣ. ಮಳಖೇಡದ ಸಂತೆಯಲ್ಲಿ ಇವತ್ತು ಚತ್ತಾಣ ಅಂದರೆ ಯಾರೂ ತಿರುಗಿ ನೋಡಲಾರರು. ಹಾಡುವವರು ಇಲ್ಲವಾದ ಮೇಲೆ ಹೆಸರು ಪಂಡಿತರ ಪಾಲಾಯಿತು. ರಿವಾಯತಕ್ಕೆ ಆ ಗತಿ ಬಂದಿಲ್ಲ.

ಈಗ ಅಲಾಯಿ. ಮೊಹರಂ ಚಂದ್ರ ಕಂಡ ಮೇಲೆ ಮಸೂತಿಯ ಮುಂದೆ ಗುದ್ದಲಿ ಹಾಕಿ ದುಂಡನೆಯ ಕುಣಿ ತೋಡುತ್ತಾರೆ. ರಾತ್ರಿ ಅದರಲ್ಲಿ ಕಟ್ಟಿಗೆ ಹಾಕಿ ಬೆಂಕಿ ಮಾಡುತ್ತಾರೆ. ಆ ಬೆಂಕಿಯ ಸುತ್ತಲೇ ಕುಣಿತ, ಹಾಡು. ದಖ್ಖನಿಯಲ್ಲಿ ಈ ಬೆಂಕಿಕುಣಿಗೆ 'ಅಲಾವಾ' ಎನ್ನುತ್ತಾರೆ. ಜಾಫರ್ ಷರೀಫ್ ಎಂಬ ದಖ್ಖನಿನ ವಿದ್ವಾಂಸ ಬರೆದು ಹರ್ಕ್ಲಾಟ್ಸ್ ಎಂಬ ವೈದ್ಯ ಇಂಗ್ಲಿಷಿಗೆ ಮಾಡಿ 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾದ 'ಕಾನೂನ್-ಎ-ಇಸ್ಲಾಂ' ಪುಸ್ತಕದಲ್ಲಿ ಈ ಕುಣಿಗಳ ವರ್ಣನೆ ಇದೆ. ಅಲಾವಾ ಕನ್ನಡದ ಬಾಯಲ್ಲಿ ಅಲಾಯಿ ಆಯಿತು, ಅಲಾವಿ ಆಯಿತು. ಕುಣಿಗೆ ಇದ್ದ ಹೆಸರು ಕುಣಿತಕ್ಕೆ ಬಂತು, ದೇವರಿಗೆ ಬಂತು, ಹಬ್ಬಕ್ಕೂ ಬಂತು. "ಅಲಾಯಿ ಆಡೋದು", "ಅಲಾಯಿ ದೇವರು", "ಅಲಾಯಿ ಹಬ್ಬ" ಎನ್ನುವಾಗ ಬೆಂಕಿ ಯಾರ ನೆನಪಿನಲ್ಲೂ ಇರುವುದಿಲ್ಲ.

ರಿವಾಯತ ಹಾಗಲ್ಲ. ಅದು ಬಹಳ ದೂರದಿಂದ ಬಂದದ್ದು, ಆದರೂ ತನ್ನ ಅರ್ಥವನ್ನು ದಾರಿಯಲ್ಲಿ ಕಳೆದುಕೊಳ್ಳಲಿಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಅರಬರಲ್ಲಿ ಇಸ್ಲಾಂ ಬರುವುದಕ್ಕೂ ಮುಂಚಿನಿಂದ ಕವಿಯ ಜೊತೆಗೆ 'ರಾವಿ' ಎಂಬವನಿರುತ್ತಿದ್ದ. ಕವಿ ಕಟ್ಟಿದ ಪದ್ಯಗಳನ್ನು ಬಾಯಿಪಾಠ ಮಾಡಿಟ್ಟುಕೊಂಡು ಊರೂರಲ್ಲಿ ಹೇಳುವುದು ಅವನ ಕೆಲಸ. ಬರೆದಿಡುವ ರೂಢಿ ಕಡಿಮೆ ಇದ್ದ ಕಾಲ, ರಾವಿ ಸತ್ತರೆ ಕವಿಯೂ ಸತ್ತಂತೆ. 8ನೇ ಶತಮಾನದಲ್ಲಿ ಕೂಫಾದ ಹಮ್ಮಾದ್ ಎಂಬವನಿಗೆ ಹಳೆಯ ಪದ್ಯಗಳು ಅದೆಷ್ಟು ಬಾಯಿಗೆ ಬರುತ್ತಿದ್ದವೆಂದರೆ 'ಹಮ್ಮಾದ್ ಅಲ್-ರಾವಿಯಾ' ಎಂದೇ ಅವನು ಹೆಸರಾದ. ರಾವಿ ಮಾಡುವ ಕೆಲಸವೇ ರಿವಾಯತ್: ಕೇಳಿದ್ದನ್ನು ಕೇಳಿದಂತೆ ಮುಂದಿನವರಿಗೆ ಮುಟ್ಟಿಸುವುದು. ಮುಂದೆ ಪ್ರವಾದಿಯವರ ಮಾತುಗಳನ್ನು ಸಂಗ್ರಹಿಸಿದವರು ಇದನ್ನು ಶಾಸ್ತ್ರವನ್ನಾಗಿ ಮಾಡಿದರು. ಈ ಮಾತನ್ನು ಇಂಥವರಿಂದ ಇಂಥವರು ಕೇಳಿದರು, ಅವರಿಂದ ಇಂಥವರು ಎಂದು ಹೆಸರುಗಳ ಸರಪಣಿ ಹೇಳಿದ ಮೇಲೆಯೇ ಮಾತು. ಸರಪಣಿಯಲ್ಲಿ ಕೊಂಡಿ ತಪ್ಪಿದರೆ ಮಾತಿಗೆ ಬೆಲೆ ಇಲ್ಲ.

ರಾವಿ ಎಂಬುದರ ಬೇರಿನಲ್ಲಿ ನೀರು ಹೊರುವ ಅರ್ಥವಿದೆ ಎಂದು ಅರಬ್ಬಿ ನಿಘಂಟುಕಾರರು ಹೇಳುತ್ತಾರೆ. ನೀರಿನ ಚೀಲ ಹೊತ್ತ ಒಂಟೆಗೂ ರಾವಿಯಾ ಎಂದೇ ಹೆಸರು. ಕರ್ಬಲಾದಲ್ಲಿ ನೀರಿಲ್ಲದೆ ಸತ್ತವರ ಕತೆ ಹೇಳುವ ಈ ಹಾಡಿಗೆ ಇಂಥ ಹೆಸರು ಬಂದದ್ದು ಎಷ್ಟು ಸರಿಯಾಗಿದೆ ಎಂದು ನಿಮಗೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ಕರ್ಬಲಾಕ್ಕೂ ಮುಂಚಿನದು ಆ ಮಾತು. ಹೊಂದಿಕೆ ಚೆನ್ನಾಗಿದ್ದ ಮಾತ್ರಕ್ಕೆ ಅದು ಕಾರಣವಾಗುವುದಿಲ್ಲ.

ಕರ್ಬಲಾದ ಕತೆ ತಿಳಿಯದವರಿಗೆ ನಾಲ್ಕು ಮಾತು. ಹಿಜರಿ 61ನೇ ವರ್ಷದ ಮೊಹರಂ 10, ಅಂದರೆ ಕ್ರಿ.ಶ. 680ರ ಅಕ್ಟೋಬರ್. ಪ್ರವಾದಿಯವರ ಮೊಮ್ಮಗ ಹುಸೇನ್, ಯಜೀದನ ಅಧಿಕಾರವನ್ನು ಒಪ್ಪದೆ ಕೂಫಾದ ಕಡೆ ಹೊರಟಿದ್ದರು. ಈಗಿನ ಇರಾಕಿನ ಕರ್ಬಲಾ ಬಯಲಿನಲ್ಲಿ ಯಜೀದನ ಸೈನ್ಯ ಅವರನ್ನು ತಡೆದು, ಯೂಫ್ರಟೀಸ್ ನದಿಯ ನೀರು ಮುಟ್ಟದಂತೆ ಮಾಡಿತು. ಹುಸೇನರೂ ಅವರ ಜೊತೆಗಿದ್ದ ಸಣ್ಣ ಗುಂಪೂ ಹತರಾದರು. ನೀರು ತರಲು ಹೋದ ತಮ್ಮ ಅಬ್ಬಾಸ್, ಹಾಲುಗೂಸು ಅಲಿ ಅಸ್ಗರ್, ಅಣ್ಣ ಹಸನರ ಮಗ ಕಾಸಿಂ ಎಲ್ಲರೂ ಅಲ್ಲೇ ತೀರಿದರು. ಉಳಿದು ಕತೆ ಹೇಳಿದವರಲ್ಲಿ ಹುಸೇನರ ತಂಗಿ ಜೈನಬ್ ಮುಖ್ಯ.

ಈ ಕತೆ ದಖ್ಖನಿಗೆ ಬಂದದ್ದು ಪಾರಸಿಯ ದಾರಿಯಲ್ಲಿ. ಹೆರಾತಿನ ಹುಸೇನ್ ವಾಯಿಜ್ ಕಾಶಿಫಿ 1502ರ ಸುಮಾರಿಗೆ 'ರೌಜತುಶ್ಶುಹದಾ' ಬರೆದ, ಮೊಹರಂ ಸಭೆಗಳಲ್ಲಿ ಅದನ್ನು ಓದಿ ಹೇಳುವ ಪದ್ಧತಿ ಬೆಳೆಯಿತು. ಅದೇ ಹೊತ್ತಿಗೆ, 1503ರಲ್ಲಿ, ದಖ್ಖನಿನ ಕವಿ ಅಶ್ರಫ್ ಬಿಯಾಬಾನಿ 'ನೌಸರಹಾರ್' ಎಂಬ ಕರ್ಬಲಾ ಕಾವ್ಯವನ್ನು ದಖ್ಖನಿ ಭಾಷೆಯಲ್ಲೇ ಕಟ್ಟಿದ. ವಿಜಯಪುರದ ಆದಿಲಶಾಹಿಗಳಲ್ಲಿ ಹಲವರು, ಗೋಲ್ಕೊಂಡದ ಕುತುಬಶಾಹಿಗಳು ಎಲ್ಲರೂ ಶಿಯಾ ಪಂಥದವರು, ಮೊಹರಂಗೆ ಆಸ್ಥಾನದ ಒತ್ತಾಸೆ ಇತ್ತು. ಹೈದರಾಬಾದು ಕಟ್ಟಿಸಿದ ಮುಹಮ್ಮದ್ ಕುಲಿ ಕುತುಬಶಾಹ ತಾನೇ ಮರ್ಸಿಯಾ ಬರೆದ. ಈ ಎರಡು ರಾಜಧಾನಿಗಳ ನಡುವಿನ ಸೀಮೆ ನಮ್ಮದು.

ಮರ್ಸಿಯಾ ಎಂದೆನಲ್ಲ, ಅದೂ ಅರಬ್ಬಿ ಹೆಸರೇ. ಸತ್ತವರನ್ನು ನೆನೆದು ಅವರ ಗುಣ ಹಾಡಿ ಅಳುವುದು ಮರ್ಸಿಯಾ. ಉರ್ದುವಿನಲ್ಲಿ ಅದು ದೊಡ್ಡ ಕಾವ್ಯಪ್ರಕಾರವಾಗಿ ಬೆಳೆಯಿತು. ಹಾಗಿದ್ದರೆ ಕನ್ನಡದ ಹಳ್ಳಿಗಳು ಮರ್ಸಿಯಾ ಬಿಟ್ಟು ರಿವಾಯತವನ್ನು ಏಕೆ ಹಿಡಿದವು? ನನಗೆ ತೋರುವುದು ಇಷ್ಟು: ಮರ್ಸಿಯಾ ಹಾಡಬೇಕಾದರೆ ಆ ದುಃಖ ನಿಮ್ಮ ಮನೆಯದಾಗಿರಬೇಕು. ರಿವಾಯತ ಹೇಳಲು ಕತೆ ಕೇಳಿದ್ದರೆ ಸಾಕು. ಕೇಳಿದವನು ಕಬ್ಬಲಿಗನೋ ಕುರುಬನೋ ಲಿಂಗಾಯತನೋ ಮಾದಿಗನೋ, ಯಾರಾದರೂ ಸರಿ. ಮುಸ್ಲಿಮರ ಮನೆ ಒಂದೂ ಇಲ್ಲದ ಊರುಗಳಲ್ಲೂ ಅಲಾಯಿ ದೇವರು ಕೂರುತ್ತವೆ, ಪದ ನಡೆಯುತ್ತದೆ. ಉತ್ತರ ಕರ್ನಾಟಕದಲ್ಲಿ ಈ ಪದ ಕಟ್ಟಿದವರಲ್ಲೂ ಹಾಡುವವರಲ್ಲೂ ಮುಸ್ಲಿಮರಲ್ಲದವರು ಅಷ್ಟು ಮಂದಿ ಇರುವುದಕ್ಕೆ ಹೆಸರಿನೊಳಗಿನ ಈ ಸಡಿಲವೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ.

ಕೇಳಿದ್ದನ್ನು ಹೇಳುವುದೆಂದ ಮೇಲೆ ಹೇಳುವ ಬಾಯಿ ತನ್ನದನ್ನೂ ಸೇರಿಸುತ್ತದೆ. ಚರಿತ್ರೆಯಲ್ಲಿ ಹಸನ್ ತೀರಿಕೊಂಡದ್ದು ಮದೀನಾದಲ್ಲಿ, ಕರ್ಬಲಾಕ್ಕಿಂತ ಹತ್ತು ವರ್ಷ ಮೊದಲು. ಹಳ್ಳಿಯ ಪದದಲ್ಲಿ ಹಸನ-ಹುಸೇನ ಅಗಲದ ಜೋಡಿ, ಯುದ್ಧಕ್ಕೂ ಕೂಡಿಯೇ ಹೋಗುತ್ತಾರೆ. ಕರ್ಬಲಾದಲ್ಲಿ ಕಾಸಿಮನಿಗೆ ಮದುವೆಯಾಯಿತು, ಅರಿಷಿಣದ ಮೈಯಲ್ಲೇ ಯುದ್ಧಕ್ಕೆ ಹೋದ ಎಂಬ ಪ್ರಸಂಗ ಕಾಶಿಫಿಯ ಪುಸ್ತಕದಿಂದ ಹರಡಿತು, ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ನಮ್ಮ ಕಡೆ ಮಾತ್ರ ಕಾಸಿಂ ದೂಲಾ ಎಂದರೆ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ, ದೂಲಾ ಅಂದರೆ ಮದುಮಗ. ಇವನ್ನೆಲ್ಲ ತಪ್ಪೆಂದು ತಿದ್ದಲು ಹೋಗಬೇಡಿ. ಹಾಡುಗಾರ ಚರಿತ್ರೆ ಹೇಳುತ್ತೇನೆಂದು ಹೊರಟಿಲ್ಲ, ಹಿಂದಿನವರು ಕೊಟ್ಟದ್ದನ್ನು ಕೊಡುತ್ತಿದ್ದಾನೆ.

ಮೊಹರಂ ಮಾತುಗಳು ಕನ್ನಡದ ಕಿವಿಯಲ್ಲಿ ಹೇಗೆ ಹೊರಳುತ್ತವೆ ಎಂಬುದಕ್ಕೆ ಇನ್ನೊಂದು ಉದಾಹರಣೆ. ಹತ್ತನೆಯ ದಿನದ ಹಿಂದಿನ ರಾತ್ರಿ ಉರ್ದುವಿನಲ್ಲಿ ಕತ್ಲ್ ಕೀ ರಾತ್, ಕೊಲೆಯ ರಾತ್ರಿ. ಕನ್ನಡದಲ್ಲಿ ಅದು ಖತಲ್ ರಾತ್ರಿಯಾಗಿ, ಎಷ್ಟೋ ಕಡೆ ಸೀದಾ ಕತ್ತಲ ರಾತ್ರಿಯೇ ಆಗಿಬಿಟ್ಟಿದೆ. ಕತ್ತಲೆಗೂ ಕತ್ಲ್‌ಗೂ ಸಂಬಂಧವೇನೂ ಇಲ್ಲ. ಹೆಸರಿನ ಮೂಲ ಹುಡುಕುವವರು ಎಡವುವುದು ಇಂಥ ಜಾಗದಲ್ಲೇ. ಲಾವಣಿಯ ವಿಷಯವೂ ಹೀಗೆ: ಲಾವಣ್ಯದಿಂದ ಬಂತೆಂದು ಒಂದು ಪಕ್ಷ, ಮರಾಠಿಯಲ್ಲಿ ಸಸಿ ನಾಟುವುದಕ್ಕೆ ಇರುವ ಹೆಸರಿನಿಂದ ಬಂತೆಂದು ಇನ್ನೊಂದು ಪಕ್ಷ. ಎರಡೂ ಕಿವಿಗೆ ಹಿತವಾಗಿಯೇ ಇವೆ. ರಿವಾಯತದಲ್ಲಿ ಅಂಥ ಜಗಳವಿಲ್ಲ, ಹೆಸರೂ ಕೆಲಸವೂ ಒಂದಕ್ಕೊಂದು ಸಾಕ್ಷಿ.

ಆ ಸಾಕ್ಷಿಯನ್ನು ಹಾಡಿನ ಕಟ್ಟಿನಲ್ಲೇ ನೋಡಬಹುದು. ಪಲ್ಲವಿ ಎತ್ತಿ, ನುಡಿಯಾದ ಮೇಲೆ ನುಡಿ ಹೇಳುತ್ತ ಹೋಗುತ್ತಾರೆ, ಪ್ರತಿ ನುಡಿಯ ಕೊನೆಗೆ ಮೇಳದವರು ಪಲ್ಲವಿಗೆ ಬರುತ್ತಾರೆ. ಕೊನೆಯ ನುಡಿಯಲ್ಲಿ ಕತೆ ನಿಂತು ಹೆಸರುಗಳು ಬರುತ್ತವೆ: ಪದ ಕಟ್ಟಿದವನ ಊರು, ಅವನ ಹೆಸರು, ಅವನಿಗೆ ಕಲಿಸಿದ ಉಸ್ತಾದನ ಅಥವಾ ಗುರುವಿನ ಹೆಸರು, ಕೆಲವೊಮ್ಮೆ ಊರ ದೇವರದೂ. ಲಾವಣಿಕಾರರಲ್ಲೂ ಈ ರೂಢಿಯಿದೆ. ಯಾರಿಂದ ಯಾರು ಕೇಳಿದರೆಂದು ಹೇಳಿದ ಮೇಲೆಯೇ ಮಾತು ನಂಬುತ್ತಿದ್ದ ಆ ಹಳೆಯ ಪದ್ಧತಿಯಿಂದಲೇ ಇದು ಇಳಿದು ಬಂತೆಂದು ನಾನು ಹೇಳಲಾರೆ. ವಚನಕಾರರಿಗೂ ದಾಸರಿಗೂ ಅಂಕಿತವಿತ್ತು, ಕನ್ನಡಕ್ಕೆ ಇದು ಹೊಸತಲ್ಲ. ಆದರೆ ಎರಡು ರೂಢಿಗಳು ಈ ಹಾಡಿನಲ್ಲಿ ಸರಾಗವಾಗಿ ಕೂಡಿಕೊಂಡಿವೆ.

ಕಾಲ ಕಳೆದ ಹಾಗೆ ರಿವಾಯತದೊಳಗೆ ಕರ್ಬಲಾ ಅಲ್ಲದ ಕತೆಗಳೂ ಬಂದವು. ರಾಮಾಯಣ, ಮಹಾಭಾರತದ ಪ್ರಸಂಗಗಳು, ಬರಗಾಲ, ಕುಡಿತದ ಕೇಡು, ಇತ್ತೀಚಿನ ಸರ್ಕಾರದ ಸಂಗತಿಗಳು. ದುಃಖದ ಹೆಸರು ಇಟ್ಟುಕೊಂಡ ಹಾಡಾಗಿದ್ದರೆ ಇವು ಒಳಗೆ ಬರುವುದು ಕಷ್ಟವಾಗುತ್ತಿತ್ತು. ಹೇಳಿಕೆಯ ಹೆಸರಾದ್ದರಿಂದ ಬಾಗಿಲು ದೊಡ್ಡದಾಯಿತು.

ಇನ್ನೊಂದು ಸಂಗತಿಯನ್ನು ಗಮನಿಸಿ, ನನ್ನ ಮಟ್ಟಿಗೆ ಇದೇ ಮುಖ್ಯ. ಕಲಬುರಗಿ, 1347ರಲ್ಲಿ ಬಹಮನಿ ರಾಜಧಾನಿಯಾದ ಊರು. 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ದರ್ಗಾ ಅಲ್ಲಿದೆ, ಕವಾಲಿ ಅಲ್ಲಿ ಕೇಳಬೇಕು. ಕವಾಲಿ ಹುಟ್ಟಿದ್ದು 'ಕೌಲ್'ನಿಂದ, ಕೌಲ್ ಅಂದರೆ ಮಾತು, ಹೇಳಿಕೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಕಲ್ಯಾಣದಲ್ಲಿ 12ನೇ ಶತಮಾನದ ಶರಣರು ಹೇಳಿದ್ದಕ್ಕೆ ವಚನ ಎಂದು ಹೆಸರು, ಅದೂ ಮಾತೇ. ಮಲ್ಲಿಕಾರ್ಜುನ ಮನ್ಸೂರ್, ಸಿದ್ಧರಾಮ ಜಂಬಲದಿನ್ನಿ ಅಂಥವರು ವಚನವನ್ನು ರಾಗದಲ್ಲಿ ಕೂರಿಸಿ ಹಾಡಿದರು. ವಚನ, ಕವಾಲಿ, ರಿವಾಯತ ಮೂರನ್ನೂ ನಾವು ಹಾಡುತ್ತೇವೆ, ಆದರೆ ಮೂರಕ್ಕೂ ಇರುವುದು ಮಾತಿನ ಹೆಸರು. ಅವುಗಳನ್ನು ಕೇಳುವ ಕ್ರಮವನ್ನೂ ಆ ಹೆಸರೇ ಹೇಳಿಕೊಡುತ್ತದೆ. ರಿವಾಯತದ ಮಟ್ಟು ಹೆಚ್ಚು ಬದಲಾಗುವುದಿಲ್ಲ, ಹಲಗಿಯ ನಡೆಯೂ ಅಷ್ಟೇ. ರಾಗದ ಬೆಡಗು ಹುಡುಕಿಕೊಂಡು ಹೋದವರಿಗೆ ಹತ್ತು ನಿಮಿಷಕ್ಕೆ ಬೇಸರ ಬರುತ್ತದೆ. ಮಾತು ಹಿಡಿದು ಕೂತವರಿಗೆ ಬೆಳಗಾದದ್ದು ತಿಳಿಯುವುದಿಲ್ಲ.

ತತ್ವಪದವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕಲಬುರಗಿ ಜಿಲ್ಲೆ ತತ್ವಪದದ ತವರು. ಕಡಕೋಳ ಮಡಿವಾಳಪ್ಪ, ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಈ ಭಾಗದ ದೊಡ್ಡ ಹೆಸರುಗಳು. ಊರಲ್ಲಿ ಇದನ್ನು ಭಜನಿ ಪದ ಎಂದೇ ಹೆಚ್ಚಾಗಿ ಕರೆಯುತ್ತಾರೆ, ಏಕತಾರಿ, ದಮ್ಮಡಿ, ತಾಳ ಹಿಡಿದು ಕೂತು ಹಾಡುವುದು. ಗಡಿಯಾಚೆಯ ತೆಲುಗರಲ್ಲೂ ಇಂಥ ಹಾಡುಗಳಿಗೆ 'ತತ್ವಾಲು' ಎಂದೇ ಹೆಸರು, ಪೋತುಲೂರಿ ವೀರಬ್ರಹ್ಮಂ ಅವರ ತತ್ವಗಳು ಹೆಸರುವಾಸಿ. ಇಲ್ಲಿ ಹೆಸರು ಒಳಗಿನ ತಿರುಳಿಗೆ ಇಟ್ಟದ್ದು, ಹೇಳುವ ರೀತಿಗಲ್ಲ. ಆದ್ದರಿಂದಲೇ ತತ್ವಪದದೊಳಗೆ ಸರ್ಕಾರದ ಯೋಜನೆಯ ಹಾಡು ಸೇರಲಾರದು. ಶಿಶುನಾಳ ಶರೀಫರು (1819–1889) ಎರಡನ್ನೂ ಬರೆದರು, ತತ್ವಪದವನ್ನೂ ಮೊಹರಂನ ರಿವಾಯತವನ್ನೂ. ಸಿ. ಅಶ್ವಥ್ ಹಾಡಿ ನಾಡಿಗೆಲ್ಲ ಹಬ್ಬಿಸಿದ್ದು ಹೆಚ್ಚಾಗಿ ಮೊದಲನೆಯದನ್ನು. ಕ್ಯಾಸೆಟ್ಟಿನ ಅಂಗಡಿಯಲ್ಲಿ ಅದು ಭಾವಗೀತೆಗಳ ಸಾಲಿಗೆ ಸೇರಿ ಸುಗಮ ಸಂಗೀತವಾಯಿತು. ಹಾಡು ಅದೇ, ಹೆಸರು ಬದಲಾದ ಮೇಲೆ ಕೇಳುವವರು ಪಿಟೀಲು, ಕೊಳಲಿಗೆ ಕಾಯತೊಡಗಿದರು. ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ, ಆದರೆ ರಿವಾಯತಕ್ಕೆ ಹಾಗೆ ಆಗದೆ ಉಳಿದದ್ದು ನನಗೆ ಸಮಾಧಾನ.

ಇಷ್ಟು ತಿಳಿದ ಮೇಲೆ ಕೇಳಲು ಹೋಗಬಹುದು. ಹಿಜರಿ ವರ್ಷ ಚಂದ್ರನ ಲೆಕ್ಕದ್ದಾದ್ದರಿಂದ ಹಬ್ಬ ವರ್ಷ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ. 2024ರಲ್ಲಿ ಹತ್ತನೆಯ ದಿನ ಜುಲೈ 17ಕ್ಕೆ, 2025ರಲ್ಲಿ ಜುಲೈ 6ಕ್ಕೆ ಬಂತು, ತೊಗರಿ ಬಿತ್ತುವ ದಿನಗಳು. ಹಗಲು ಹೊಲ, ರಾತ್ರಿ ಅಲಾಯಿ. ಏಳನೆಯ ದಿನದಿಂದ ಹಾಡು ಬಿರುಸಾಗುತ್ತದೆ, ಖತಲ್ ರಾತ್ರಿಗೆ ತುದಿ ಮುಟ್ಟುತ್ತದೆ. ಬೇಗ ಹೋಗಿ ದೂರ ನಿಲ್ಲಬೇಡಿ, ಎತ್ತಿಕೊಡುವವನ ಹತ್ತಿರ ನಿಲ್ಲಿ. ಹಲಗಿಯ ಪಕ್ಕದಲ್ಲಿ ನಿಂತರೆ ಮಾತು ಒಂದೂ ಕೇಳಿಸುವುದಿಲ್ಲ.

ಮೇಳ ದಣಿವಾರಿಸಿಕೊಳ್ಳಲು ಕೂತಾಗ ಹಾಡುಗಾರನನ್ನು ಮಾತಾಡಿಸಿ. ಯಾವ ರಾಗ, ಯಾವ ತಾಳ ಎಂದು ಕೇಳಿದರೆ ಮುಖ ನೋಡುತ್ತಾನೆ. "ಕಾಕಾ, ಈ ಪದ ನಿಮಗ ಯಾರು ಕೊಟ್ರು?" ಎಂದು ಕೇಳಿ. ಆಗ ಉಸ್ತಾದನ ಹೆಸರು ಬರುತ್ತದೆ, ಅವನ ಊರು ಬರುತ್ತದೆ, ಅವನಿಗೆ ಕೊಟ್ಟವನ ಊರೂ ಬರಬಹುದು, ಅದು ಗಡಿಯ ಆಚೆ ಇದ್ದರೆ ಆಶ್ಚರ್ಯಪಡಬೇಡಿ. ಪದ ಬರೆದಿಟ್ಟ ವಹಿ ತೋರಿಸಿದರೆ ಕನ್ನಡ ಲಿಪಿಯಲ್ಲಿ ತೆಲುಗು 'ಪಾಟ'ವೂ ಕಣ್ಣಿಗೆ ಬಿದ್ದೀತು. ಮೊಬೈಲಿನಲ್ಲಿ ಹಿಡಿದುಕೊಳ್ಳುವುದಾದರೆ ಅಪ್ಪಣೆ ಕೇಳಿ ಹಿಡಿಯಿರಿ, ಆದರೆ ಕತೆ ಮುಗಿಯಿತೆಂದು ಬಂದ್ ಮಾಡಬೇಡಿ. ಊರೂ ಹೆಸರೂ ಬರುವುದು ಆಮೇಲಿನ ನುಡಿಯಲ್ಲಿ.